ಏಳು ಜನ, ಎರಡು ದಿನ, ಹತ್ತು ನಿಮಿಷದ ಸಿನಿಮಾ

ಕಾರವಾರದಲ್ಲಿ ಕಿರುಚಿತ್ರ ಮಾಡಲು ಹೊರಟ ಯಾವ ಗುಂಪನ್ನಾದರೂ ನೋಡಿ. ಐದು ಜನರಿದ್ದರೆ ಮೂವರು ನಿರ್ದೇಶಕರು, ಇಬ್ಬರು ಕ್ಯಾಮೆರಾಮನ್‌ಗಳು. ಧ್ವನಿ ನೋಡಿಕೊಳ್ಳುವವರಿಲ್ಲ, ಕ್ಲ್ಯಾಪ್ ಹಿಡಿಯುವವರಿಲ್ಲ, ಮಧ್ಯಾಹ್ನದ ಊಟ ಯಾರದೆಂದು ಯಾರಿಗೂ ಗೊತ್ತಿಲ್ಲ. ಹೊನ್ನಾವರ ಸೀಮೆಯ ಶಂಕರ್‌ನಾಗ್ ಹೆಸರು ಹೇಳಿ ಮೊಬೈಲು ಎತ್ತುತ್ತಾರೆ. ಸಂಜೆಯಾಗುವಷ್ಟರಲ್ಲಿ ಸೂರ್ಯ ಮುಳುಗುವ ನಲವತ್ತು ಶಾಟ್ ಸಿಕ್ಕಿರುತ್ತವೆ, ಕಥೆ ಮಾತ್ರ ಒಂದಿಂಚೂ ಮುಂದೆ ಹೋಗಿರುವುದಿಲ್ಲ.

ನಮ್ಮ ಮೊದಲ ಚಿತ್ರ ಹೀಗೇ ಟ್ಯಾಗೋರ್ ಬೀಚಿನ ಮರಳಲ್ಲಿ ಮುಳುಗಿತು. ಎರಡನೆಯದಕ್ಕೆ ಏಳು ಜನ ಸೇರಿ, ಯಾರ ತಲೆಗೆ ಯಾವ ಹೊಣೆ ಎಂದು ಮೊದಲೇ ಹಾಳೆಯ ಮೇಲೆ ಬರೆದುಕೊಂಡೆವು. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸ ಸಂಗತಿಯೇನಲ್ಲ. ಹಾಡುವ ಭಾಗವತರು ಪದ ಎತ್ತದೆ ವೇಷ ಕುಣಿಯುವುದಿಲ್ಲ, ವೇಷ ಕಟ್ಟುವ ಚೌಕಿಯಲ್ಲಿ ದುಡಿಯುವವರು ರಂಗಸ್ಥಳಕ್ಕೆ ಬರುವುದೇ ಇಲ್ಲ. ಸಿನಿಮಾದ ಯೂನಿಟ್ಟೂ ಒಂದು ಮೇಳವೇ.

ಮೊದಲು ಹಾಳೆ

ಕಥೆಯನ್ನು ಒಂದು ವಾಕ್ಯದಲ್ಲಿ ಹೇಳಲು ಬರುತ್ತದೆಯೇ ನೋಡಿ. ನಮ್ಮದು ಹೀಗಿತ್ತು: ಮೀನು ಮಾರುವ ಹೆಂಗಸಿಗೆ ಬೋಣಿಗೆಯಲ್ಲೇ ಐನೂರರ ಖೋಟಾ ನೋಟು ಬರುತ್ತದೆ, ಮಾರ್ಕೆಟ್ ಮುಗಿಯುವುದರೊಳಗೆ ಅದನ್ನು ಬೇರೆಯವರ ಕೈಗೆ ದಾಟಿಸುತ್ತಾಳೋ ಇಲ್ಲವೋ. ಜಾಗ ಮೂರೇ: ಬೈತಕೋಲ ಬಂದರು, ಮೀನು ಮಾರ್ಕೆಟ್, ಅವಳ ಮನೆ. ಮೊದಲ ಚಿತ್ರಕ್ಕೆ ಇದಕ್ಕಿಂತ ಹೆಚ್ಚು ಜಾಗ ಬೇಡ. ಸಾಮಾನು ಕಟ್ಟಿ ಬಿಚ್ಚುವುದರಲ್ಲೇ ಬೆಳಕು ಹೋಗಿಬಿಡುತ್ತದೆ.

ಚಿತ್ರಕಥೆಯಲ್ಲಿ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು ಇವೆರಡನ್ನೇ ಬರೆಯಬೇಕು. ‘ಅವಳಿಗೆ ಸಂಕಟವಾಯಿತು’ ಎಂದು ಬರೆದರೆ ಕ್ಯಾಮೆರಾ ಏನನ್ನು ತೆಗೆಯಬೇಕು? ‘ನೋಟನ್ನು ಬೆಳಕಿಗೆ ಹಿಡಿದಳು. ಮಡಚಿದಳು. ಮತ್ತೆ ಬಿಡಿಸಿದಳು’ ಎಂದು ಬರೆದರೆ ತೆಗೆಯಬಹುದು. ಪ್ರತಿ ದೃಶ್ಯದ ತಲೆಯಲ್ಲಿ ಒಳಗೋ ಹೊರಗೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ನಮೂದಿಸಿ. ಒಂದು ಪುಟ ಸುಮಾರು ಒಂದು ನಿಮಿಷದ ಚಿತ್ರ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಮಾತು ಕಡಿಮೆ ಇರುವ ಕಡೆ ಲೆಕ್ಕ ಅಷ್ಟಿಷ್ಟು ತಪ್ಪುತ್ತದೆ, ಆದರೂ ಅಂದಾಜಿಗೆ ಸಾಕು.

ಸಂಭಾಷಣೆಯ ವಿಷಯದಲ್ಲಿ ನನ್ನದೊಂದು ಹಟವಿದೆ. ಕಾರವಾರದ ಮಾರ್ಕೆಟ್ಟಿನಲ್ಲಿ ಹೆಂಗಸರು ತಮ್ಮೊಳಗೆ ಕೊಂಕಣಿ, ಗಿರಾಕಿಯ ಹತ್ತಿರ ಕನ್ನಡ, ಪ್ರವಾಸಿಗರ ಹತ್ತಿರ ಹಿಂದಿ ಮಾತಾಡುತ್ತಾರೆ. ಶಿರಸಿ ಕಡೆಯ ಮನೆಯ ಕಥೆಯಾದರೆ ಜಗುಲಿಯಲ್ಲಿ ಹವ್ಯಕರ ಹವಿಗನ್ನಡ. ಇದನ್ನೆಲ್ಲ ಅಳಿಸಿ ಎಲ್ಲರ ಬಾಯಲ್ಲೂ ಬೆಂಗಳೂರಿನ ಸಿನಿಮಾ ಕನ್ನಡ ತುರುಕುವುದೇಕೆ? ಸಬ್‌ಟೈಟಲ್ ಹಾಕಿದರಾಯಿತು.

ಬರೆದದ್ದನ್ನು ಒಡೆಯುವುದು

ನಿರ್ದೇಶಕಿ ಮತ್ತು ಕ್ಯಾಮೆರಾಮನ್ ಎದುರುಬದುರು ಕೂತು ಪ್ರತಿ ದೃಶ್ಯವನ್ನು ಶಾಟ್‌ಗಳಾಗಿ ಒಡೆಯಬೇಕು. ಇದೇ ಶಾಟ್ ಡಿವಿಷನ್. ನೋಟು ಕೈ ಬದಲಾಗುವ ದೃಶ್ಯಕ್ಕೆ ನಾವು ಐದು ಶಾಟ್ ಇಟ್ಟುಕೊಂಡೆವು: ಇಡೀ ಮಾರ್ಕೆಟ್ ಕಾಣುವ ವೈಡ್, ಅವಳ ಹೆಗಲ ಹಿಂದಿನಿಂದ ಗಿರಾಕಿ, ಗಿರಾಕಿಯ ಹೆಗಲ ಹಿಂದಿನಿಂದ ಅವಳು, ನೋಟು ಹಿಡಿದ ಕೈಯ ಕ್ಲೋಸ್, ಕೊನೆಗೆ ಅವಳ ಮುಖದ ಕ್ಲೋಸ್.

ಇಲ್ಲೊಂದು ಗೆರೆ ನೆನಪಿಡಿ. ಇಬ್ಬರು ಮಾತಾಡುತ್ತಿದ್ದರೆ ಅವರ ನಡುವೆ ಒಂದು ಗೆರೆ ಎಳೆದಿದೆ ಎಂದುಕೊಂಡು, ಕ್ಯಾಮೆರಾವನ್ನು ಯಾವಾಗಲೂ ಗೆರೆಯ ಒಂದೇ ಬದಿಯಲ್ಲಿ ಇಡಬೇಕು. ಯಕ್ಷಗಾನದ ಆಟ ನೋಡುವಾಗ ನೀವು ರಂಗಸ್ಥಳದ ಮುಂದೆ ಕೂತಿರುತ್ತೀರಿ. ಬಲಗಡೆಯ ಅರ್ಜುನ ಬಲಗಡೆಯೇ ಇರುತ್ತಾನೆ. ನಡುವೆ ಯಾರೋ ನಿಮ್ಮನ್ನು ಎತ್ತಿ ಹಿಂಬದಿಯಲ್ಲಿ ಕೂರಿಸಿದರೆ ಅರ್ಜುನ ಎಡಕ್ಕೆ ಬಂದುಬಿಡುತ್ತಾನೆ. ಗೆರೆ ದಾಟಿದ ಶಾಟ್ ಪರದೆಯ ಮೇಲೆ ಮಾಡುವ ಗೊಂದಲ ಇಂಥದ್ದೇ. ಅವಳೂ ಗಿರಾಕಿಯೂ ಒಂದೇ ದಿಕ್ಕಿಗೆ ಮುಖ ಮಾಡಿ ಮಾತಾಡುತ್ತಿದ್ದಾರೆ ಅನಿಸುತ್ತದೆ.

ಕಡಲಿಗೂ ಪಂಚಾಂಗವಿದೆ

ಕರಾವಳಿಯಲ್ಲಿ ಶೂಟಿಂಗ್ ದಿನ ಗೊತ್ತುಮಾಡುವವರು ಮೂರು ವಿಷಯ ನೋಡಲೇಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲರ್‌ಗಳು ಸಾಲಾಗಿ ಬಂದರಿನಲ್ಲಿ ನಿಂತಿರುತ್ತವೆ. ನಿಂತ ದೋಣಿಗಳೇ ನಿಮ್ಮ ಕಥೆಗೆ ಬೇಕಾದರೆ ಅದು ಒಳ್ಳೆಯ ಕಾಲ, ಮಳೆಗೆ ತಯಾರಿರಬೇಕು ಅಷ್ಟೆ. ಬೆಳಗಿನ ಜಾವ ಮೀನು ಇಳಿಸುವ ಗದ್ದಲ ಬೇಕಾದರೆ ಬೇರೆ ತಿಂಗಳು ಹುಡುಕಿ.

ಎರಡನೆಯದು ಭರತ, ಇಳಿತ. ಇವೆರಡರ ನಡುವೆ ಹೆಚ್ಚುಕಡಿಮೆ ಆರು ತಾಸು, ಮತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ತುಂಬಾ ಮೇಲೆ ಬರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ನಮ್ಮ ಮೊದಲ ಚಿತ್ರದಲ್ಲಿ ಇಬ್ಬರು ದಡದಲ್ಲಿ ಕೂತು ಎರಡು ನಿಮಿಷ ಮಾತಾಡುವ ದೃಶ್ಯವಿತ್ತು. ತೆಗೆಯಲು ಮೂರು ತಾಸು ಹಿಡಿಯಿತು. ಪರದೆಯ ಮೇಲೆ ಒಂದು ಮಾತಿಗೆ ಸಮುದ್ರ ಇಪ್ಪತ್ತು ಮಾರು ದೂರ, ಅದರ ಉತ್ತರಕ್ಕೆ ಕಾಲಬುಡಕ್ಕೆ! 

ಮೂರನೆಯದು ಬೆಳಕು. ನಮ್ಮಲ್ಲಿ ಸೂರ್ಯ ಕಡಲಿಗಿಳಿಯುತ್ತಾನೆ. ಸಂಜೆ ನಟನನ್ನು ಕಡಲಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖ ಕಪ್ಪಾಗಿ ಬರೀ ಆಕಾರ ಉಳಿಯುತ್ತದೆ. ಮುಖ ಬೇಕೆಂದರೆ ಎದುರಿನಿಂದ ಥರ್ಮಾಕೋಲ್ ಹಿಡಿದು ಬೆಳಕು ಹಿಂತಿರುಗಿಸಿ. ಶಿರಸಿ, ಸಿದ್ದಾಪುರದ ಅಡಿಕೆ ತೋಟದ್ದು ಬೇರೆಯದೇ ತೊಂದರೆ. ಎಲೆಗಳ ನಡುವಿಂದ ಬೀಳುವ ಬಿಸಿಲು ಮುಖದ ಮೇಲೆ ಬಿಳಿ ಮಚ್ಚೆ ಹಾಕುತ್ತದೆ. ಒಂದು ಬಿಳಿ ಪಂಚೆಯನ್ನು ನಾಲ್ಕು ಗಳಕ್ಕೆ ಕಟ್ಟಿ ತಲೆಯ ಮೇಲೆ ಹಿಡಿಯಿರಿ, ಬೆಳಕು ಮೆತ್ತಗಾಗುತ್ತದೆ.

ಅನುಮತಿಯ ಮಾತು ಚಿಕ್ಕದು: ಮಾರ್ಕೆಟ್ ಯಾರ ಸುಪರ್ದಿಯಲ್ಲಿದೆಯೋ ಅವರನ್ನು ಕೇಳಿ, ಜೊತೆಗೆ ಅಲ್ಲಿ ಕೂರುವ ಹೆಂಗಸರನ್ನೂ ಕೇಳಿ. ಡ್ರೋನ್ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಇಲ್ಲಿ ಅರ್ಗಾದ ಹತ್ತಿರ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣುಸ್ಥಾವರವಿದೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕೆಂಪು ಎಂದು ತೋರಿಸುವ ಜಾಗದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ.

ಯಾರು ಯಾರು

ನಿರ್ದೇಶಕಿಯ ಕೆಲಸ ಕೂಗಾಡುವುದಲ್ಲ. ಒಂದೇ ಪ್ರಶ್ನೆಗೆ ಏಳು ಜನ ಏಳು ಉತ್ತರ ಕೊಟ್ಟಾಗ ಒಂದನ್ನು ಆರಿಸುವುದು, ಉಳಿದ ಹೊತ್ತೆಲ್ಲ ನಟರ ಜೊತೆಗಿರುವುದು. ಗಡಿಯಾರ ಅವಳದ್ದಲ್ಲ, ಸಹಾಯಕ ನಿರ್ದೇಶಕನದು. ದಿನದ ಪಟ್ಟಿ ಮಾಡುವವನು ಅವನೇ. ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲ, ಜಾಗ ಮತ್ತು ಬೆಳಕಿನ ಕ್ರಮದಲ್ಲಿ ತೆಗೆಯುತ್ತಾರೆ. ಮನೆಯ ಮೊದಲ ದೃಶ್ಯವೂ ಕೊನೆಯ ದೃಶ್ಯವೂ ಒಂದೇ ಮಧ್ಯಾಹ್ನ ಮುಗಿಯುತ್ತವೆ.

ಕ್ಯಾಮೆರಾ ಮೊಬೈಲೇ ಆಗಿರಲಿ, ಫೋಕಸ್ ಮತ್ತು ಎಕ್ಸ್‌ಪೋಶರ್ (ಒಳಗೆ ಬಿಡುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಇಲ್ಲವಾದರೆ ಬಿಳಿ ಅಂಗಿಯವನೊಬ್ಬ ಅಡ್ಡ ಹಾಯ್ದರೂ ಚಿತ್ರ ತಾನಾಗಿ ಕಪ್ಪಾಗುತ್ತದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್ ರೂಢಿ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಕೆಳಗೆ ತೆಗೆಯುವಾಗ ಶಟರ್ ವೇಗ 1/50 ಸೆಕೆಂಡ್ ಇಟ್ಟರೆ ಚಿತ್ರ ಮಿಣುಕುವುದಿಲ್ಲ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಸಾಮಾನನ್ನು ಸ್ವಲ್ಪ ಹೊತ್ತು ಮೊದಲೇ ಹೊರಗಿಡಿ. ಉಪ್ಪುಗಾಳಿಯಲ್ಲಿ ಕೆಲಸ ಮುಗಿದ ಮೇಲೆ ಒರೆಸದಿದ್ದರೆ ಆಮೇಲೆ ಅಳಬೇಕಾದೀತು.

ಕಲೆ, ಬಟ್ಟೆ, ಮೇಕಪ್ ಮೂರೂ ನಮ್ಮಲ್ಲಿ ಒಬ್ಬಳದೇ. ಖೋಟಾ ನೋಟನ್ನು ಪ್ರಿಂಟ್ ತೆಗೆಯೋಣ ಎಂದು ಯಾರೋ ಅಂದಾಗ ತಡೆದದ್ದು ಅವಳು. ನೋಟನ್ನು ಹೋಲುವ ಕಾಗದ ಮುದ್ರಿಸುವುದೂ ಕಾನೂನಿನಲ್ಲಿ ಅಪರಾಧ. ಅಸಲಿ ನೋಟನ್ನೇ ಬಳಸಿದೆವು. ಪಾತ್ರ ಮಾಡಿದ ಅಕ್ಕ ನಿಜವಾಗಿಯೂ ಮೀನು ಮಾರುವವರು. ತಮ್ಮ ಸೊಂಟದ ಚೀಲದಿಂದಲೇ ಒಂದು ಐನೂರು ತೆಗೆದು ಕೊಟ್ಟರು.

ಗಿರಾಕಿಯ ಪಾತ್ರಕ್ಕೆ ಬಂದವರು ಯಕ್ಷಗಾನದ ವೇಷಧಾರಿ. ಒಳ್ಳೆಯ ಕಲಾವಿದರು. ತೊಂದರೆ ಬಂದದ್ದು ಅಲ್ಲೇ. ಆಟದಲ್ಲಿ ಅರ್ಥ, ಅಂದರೆ ಪದಗಳ ನಡುವಿನ ಮಾತು, ಹೇಳುವುದು ಆಶುವಾಗಿ, ಆದ್ದರಿಂದ ಪ್ರತಿ ಟೇಕಿಗೂ ಹೊಸ ಮಾತು, ಒಂದಕ್ಕಿಂತ ಒಂದು ಚಂದ. ಆದರೆ ವೈಡ್‌ನಲ್ಲಿ ಹೇಳಿದ ಮಾತು ಕ್ಲೋಸ್‌ನಲ್ಲಿ ಇಲ್ಲದಿದ್ದರೆ ಎರಡನ್ನೂ ಕೂಡಿಸಲು ಬರುವುದಿಲ್ಲ. ಕೊನೆಗೆ ಅವರಿಗೆ ಎರಡೇ ವಾಕ್ಯ ಕೊಟ್ಟು, ‘ಇದನ್ನು ಪದ ಅಂತ ತಿಳ್ಕಳಿ, ಅರ್ಥ ಬೇಡ’ ಅಂದ ಮೇಲೆ ಸರಿಹೋಯಿತು.

ಪ್ರೊಡಕ್ಷನ್ ನೋಡಿಕೊಂಡವನು ಬೆಳಿಗ್ಗೆ ಆರಕ್ಕೆ ಬನ್ಸ್ ಮತ್ತು ಚಹಾ, ಒಂದೂವರೆಗೆ ಸರಿಯಾಗಿ ಮೀನೂಟ ತಂದಿಟ್ಟ. ಚಿತ್ರ ಮುಗಿದದ್ದರಲ್ಲಿ ಅವನ ಪಾಲು ಕ್ಯಾಮೆರಾಮನ್ ಪಾಲಿಗಿಂತ ಕಡಿಮೆ ಎಂದು ನಾನು ಒಪ್ಪುವುದಿಲ್ಲ.

ನನ್ನದು ಕಂಟಿನ್ಯೂಟಿ, ಅಂದರೆ ಒಂದು ಶಾಟಿನಲ್ಲಿದ್ದದ್ದು ಮುಂದಿನದರಲ್ಲೂ ಹಾಗೇ ಇದೆಯೇ ನೋಡುವುದು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಯಾವ ಟೇಕ್ ಸರಿ, ಸೆರಗು ಯಾವ ಹೆಗಲಿಗೆ, ಬುಟ್ಟಿಯಲ್ಲಿ ಬಂಗಡೆ ಎಷ್ಟು ಉಳಿದಿವೆ, ನೋಟು ಎಷ್ಟು ಮಡಿಕೆ, ಯಾವ ಕೈಯಲ್ಲಿ. ಪ್ರತಿ ಶಾಟ್ ಮುಗಿದಾಗ ಮೊಬೈಲಿನಲ್ಲಿ ಒಂದು ಫೋಟೊ. ಎರಡೂ ದಿನ ಆ ನೋಟನ್ನು ಯಾರೂ ಮುಟ್ಟದಂತೆ ನನ್ನ ನೋಟ್‌ಬುಕ್ಕಿನ ನಡುವೆ ಇಟ್ಟುಕೊಂಡಿದ್ದೆ. ಕ್ಲ್ಯಾಪ್ ಕೂಡ ನನ್ನದೇ. ‘ಸೀನ್ 4, ಶಾಟ್ 2, ಟೇಕ್ 3’ ಎಂದು ಹೇಳಿ ಟಪ್ ಎನಿಸುವುದು ಶಾಸ್ತ್ರಕ್ಕಲ್ಲ. ಧ್ವನಿ ಬೇರೆ ಯಂತ್ರದಲ್ಲಿ, ಚಿತ್ರ ಬೇರೆ ಯಂತ್ರದಲ್ಲಿ ದಾಖಲಾಗುತ್ತದೆ. ಹಲಗೆ ಕೂಡಿದ ಫ್ರೇಮನ್ನು ಆ ಟಪ್ ಸದ್ದಿಗೆ ಹೊಂದಿಸಿದರೆ ತುಟಿಗೂ ಮಾತಿಗೂ ತಾಳ ಕೂಡುತ್ತದೆ.

ಕಿವಿಯ ಕೆಲಸ

ಚಿತ್ರ ಸ್ವಲ್ಪ ಮಬ್ಬಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಹೊಸಬರು ದುಡ್ಡು ಖರ್ಚು ಮಾಡುವುದಾದರೆ ಲೆನ್ಸಿಗಿಂತ ಮೊದಲು ಮೈಕಿಗೆ ಮಾಡಲಿ.

ಮೊಬೈಲಿನ ಮೈಕು ಕಡಲದಂಡೆಯಲ್ಲಿ ಹಿಡಿಯುವುದು ಗಾಳಿಯನ್ನು ಮಾತ್ರ. ಮೈಕಿಗೆ ರೋಮದ ಟೋಪಿ ತೊಡಿಸಿ, ನಟರ ಬಾಯಿಗೆ ಹತ್ತಿರ ತನ್ನಿ, ಅದರ ಬೆನ್ನು ಸಮುದ್ರದ ಕಡೆಗಿರಲಿ. ಇನ್ನೂ ಒಳ್ಳೆಯದೆಂದರೆ ಮಾತಿನ ದೃಶ್ಯವನ್ನು ಗಾಳಿಮರಗಳ ಈಚೆ ಬದಿಗೆ ಸರಿಸಿ, ತೆರೆಯ ಸದ್ದನ್ನು ಬೇರೆಯಾಗಿ ಹಿಡಿದು ಆಮೇಲೆ ಕೂಡಿಸುವುದು. ಹಾಗೆ ಮಾಡದಿದ್ದರೆ ಒಂದೊಂದು ಶಾಟಿನಲ್ಲಿ ಒಂದೊಂದು ತೆರೆ ಒಡೆದಿರುತ್ತದೆ, ಕತ್ತರಿಸಿ ಜೋಡಿಸಿದಾಗ ಕಡಲಿಗೆ ಬಿಕ್ಕಳಿಕೆ ಬಂದಂತಿರುತ್ತದೆ. ಮಲೆನಾಡಿನ ಜೀರುಂಡೆಗಳದೂ ಇದೇ ಕಾಟ.

ಮದ್ದು ಒಂದೇ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ, ಆ ಜಾಗದ ಬರೀ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಕತ್ತರಿಸಿದ ತುದಿಗಳ ಕೆಳಗೆ ಅದನ್ನು ಹಾಸಿದರೆ ಹೊಲಿಗೆ ಕಾಣುವುದಿಲ್ಲ. ನಮ್ಮ ಧ್ವನಿಯ ಹುಡುಗ ಮಾರ್ಕೆಟ್ಟಿನಲ್ಲಿ ಇದನ್ನು ಮಾಡಲು ಹೋದಾಗ ಹೆಂಗಸರೆಲ್ಲ ಅವನನ್ನೇ ನೋಡುತ್ತ ಸುಮ್ಮನಾಗಿಬಿಟ್ಟರು. ‘ಅಕ್ಕಾ, ನೀವು ಮಾರಾಟ ಮಾಡಿ’ ಎಂದು ಬೇಡಿಕೊಳ್ಳಬೇಕಾಯಿತು.

ಕತ್ತರಿ

ಪ್ಯಾಕಪ್ ಆದ ರಾತ್ರಿಯೇ ಫೈಲುಗಳನ್ನು ಎರಡು ಬೇರೆ ಡಿಸ್ಕ್‌ಗಳಿಗೆ ಹಾಕಿ, ಎರಡನ್ನೂ ಒಂದೇ ಮನೆಯಲ್ಲಿ ಇಡಬೇಡಿ. ಕುಂಬಳಕಾಯಿ ಒಡೆಯುವುದು ಅದಾದ ಮೇಲೆ.

ಎಡಿಟರ್ ಶೂಟಿಂಗಿಗೆ ಬರದವರಾಗಿದ್ದರೆ ಒಳ್ಳೆಯದು. ನಮ್ಮವರು ಶಿರಸಿಯಲ್ಲಿದ್ದರು. ಬಂದರಿನ ಒಂದು ಶಾಟಿಗಾಗಿ ನಾವು ಬೆಳಗಿನ ನಾಲ್ಕಕ್ಕೆ ಎದ್ದದ್ದು ಅವರಿಗೆ ಗೊತ್ತಿರಲಿಲ್ಲ, ಕಿತ್ತು ಹಾಕಿದರು. ಬೈದುಕೊಂಡೆವು. ಚಿತ್ರ ಚುರುಕಾಯಿತು.

ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಭಾವವಿಲ್ಲದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದ. ನೋಡಿದವರಿಗೆ ಒಮ್ಮೆ ಹಸಿವು ಕಂಡಿತು, ಒಮ್ಮೆ ದುಃಖ. ನಮ್ಮ ಅಕ್ಕ ನಟಿಸಲೇ ಇಲ್ಲ, ಸುಮ್ಮನೆ ನೋಡಿದರು ಅಷ್ಟೆ. ಆ ನೋಟದ ಮುಂದೆ ನೋಟಿನ ಕ್ಲೋಸ್ ಇಟ್ಟಾಗ ಅನುಮಾನ ಕಂಡಿತು, ಚಿಲ್ಲರೆ ಕೇಳುವ ಚಿಕ್ಕ ಹುಡುಗಿಯನ್ನು ಇಟ್ಟಾಗ ನಾಚಿಕೆ ಕಂಡಿತು.

ಚಿತ್ರದ ಕತ್ತರಿಕೆ ಪೂರ್ತಿ ಮುಗಿದ ಮೇಲೆ ಧ್ವನಿಯ ಕೂಡಿಕೆ, ಹಿನ್ನೆಲೆ ಸಂಗೀತ, ಕೊನೆಗೆ ಬಣ್ಣ ಹದಮಾಡುವ ಡಿಐ. ಫೋನಿನಲ್ಲಿರುವ ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಊರಿನ ಮದ್ದಳೆಗಾರರೊಬ್ಬರು ಅರ್ಧ ತಾಸು ಕೂತರೆ ಅದಕ್ಕಿಂತ ಒಳ್ಳೆಯದು ಸಿಗುತ್ತದೆ. ಚಿತ್ರಮಂದಿರದಲ್ಲಿ ತೋರಿಸುವುದಿದ್ದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಮಂಡಳಿಯ ಪ್ರಾದೇಶಿಕ ಕಚೇರಿ ಬೆಂಗಳೂರಿನಲ್ಲಿದೆ.

ಮೊದಲ ಪ್ರದರ್ಶನ ಗೆಳೆಯರಿಗೆ ಬೇಡ, ಹೊಗಳಿಬಿಡುತ್ತಾರೆ. ಸಂಬಂಧವಿಲ್ಲದ ಹತ್ತು ಜನರನ್ನು ಕೂರಿಸಿ, ಪರದೆ ನೋಡದೆ ಅವರ ಮುಖ ನೋಡಿ. ಯಾವ ನಿಮಿಷದಲ್ಲಿ ಕೈ ಮೊಬೈಲಿಗೆ ಹೋಯಿತು ಎಂದು ಬರೆದುಕೊಳ್ಳಿ, ಅಲ್ಲಿ ಕತ್ತರಿಸಿ. ನಾವು ಮಾರ್ಕೆಟ್ಟಿನ ಹೆಂಗಸರನ್ನೂ ಕರೆದಿದ್ದೆವು. ಹತ್ತು ನಿಮಿಷ ಯಾರೂ ಅಲುಗಾಡಲಿಲ್ಲ. ದೀಪ ಹಾಕಿದಾಗ ಪಾತ್ರ ಮಾಡಿದ ಅಕ್ಕ ನೇರ ನನ್ನ ಹತ್ತಿರ ಬಂದು ಕೈ ಚಾಚಿದರು. ‘ಚಂದ ಆಗದೆ. ನನ್ನ ಐನೂರು ಎಲ್ಲಿ?’

ನೋಟ್‌ಬುಕ್ಕಿನಲ್ಲೇ ಇತ್ತು, ಮೂರು ಮಡಿಕೆಯಲ್ಲಿ.