ಭಾಲ್ಕಿ ಕಡೆಯ ಹೊಲದಲ್ಲಿ ರೇಸ್ ಕುದುರೆಯ ಮರಿ

ಕುದುರೆ ಮರಿ ನೋಡಲು ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು. "ಕಾಕಾ, ಇದರ ಅಪ್ಪ ಯಾವುದ್ರೀ?" ತಾಯಿ ಪಕ್ಕದಲ್ಲೇ ನಿಂತು ಮೇಯುತ್ತಿರುತ್ತದೆ. ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಮಾತ್ರ ಈ ಕೆಲಸಕ್ಕೆ ಕೈ ಹಾಕಿದ್ದೇ ತಾಯಿಯನ್ನು ನೋಡಿ.

ಹೈದರಾಬಾದಿನ ಮಲಕ್‌ಪೇಟೆ ರೇಸ್ ಕೋರ್ಸಿನ ಲಾಯಗಳಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳಾಗಿ ಕೆಲಸ ಮಾಡಿದವನು ನಾನು. ಈಗ ಭಾಲ್ಕಿ ಕಡೆ ತೊಗರಿ, ಜೋಳ ಬೆಳೆಯುತ್ತೇನೆ. ನಮ್ಮ ಕಡೆ ಜನಕ್ಕೆ ಕುದುರೆ ಹೊಸದಲ್ಲ. ಖಾನಾಪುರದ ಮೈಲಾರ ಮಲ್ಲಣ್ಣ ಕುದುರೆ ಏರಿದ ದೇವರು. ಗಡಿ ದಾಟಿದರೆ ನಾಂದೇಡ ಜಿಲ್ಲೆಯ ಮಾಳೆಗಾಂವ್ ಜಾತ್ರೆ, ಅಲ್ಲಿ ಕುದುರೆಗಳ ದೊಡ್ಡ ವ್ಯಾಪಾರ. ಆದರೆ ಥರೋಬ್ರೆಡ್, ಅಂದರೆ ರೇಸಿನ ತಳಿ, ಸಾಕುವುದೇ ಬೇರೆ. ಚರ್ಮ ತೆಳು, ಸಿಟ್ಟು ಜಾಸ್ತಿ, ಹೊಟ್ಟೆ ಬಲು ನಾಜೂಕು.

ಈ ತಾಯಿ ಕುದುರೆ ರೇಸಿನಲ್ಲಿ ಓಡುತ್ತಿದ್ದಾಗ ಮುಂಗಾಲಿನ ಮಂಡಿಯಲ್ಲಿ ಎಲುಬಿನ ಚೂರು ಎದ್ದಿತ್ತು. ರೇಸ್ ಮುಗಿಯಿತು. ಮಾಲೀಕರು ಯಾರಾದರೂ ಒಯ್ದರೆ ಸಾಕು ಅನ್ನುತ್ತಿದ್ದರು. ನಾನು ಒಪ್ಪುವ ಮೊದಲು ಅದನ್ನು ಸಮ ನೆಲದ ಮೇಲೆ ನಿಲ್ಲಿಸಿ, ಎದುರಿಗೆ ಕೂತು ಕಾಲು ನೋಡಿದೆ. ಭುಜದ ತುದಿಯಿಂದ ದಾರ ಇಳಿಬಿಟ್ಟಂತೆ ಅಂದುಕೊಳ್ಳಿ. ಆ ದಾರ ಮಂಡಿಯ ನಡುವೆ ಹಾದು ಗೊರಸಿನ ನಡುವೆ ಬೀಳಬೇಕು. ಮಂಡಿ ಕೆಳಗಿನ ಎಲುಬು ಹೊರಗೆ ಸರಿದಿದ್ದರೆ ಆ ಕುದುರೆ ಬೇಡ, ಏಕೆಂದರೆ ಆ ದೋಷ ಮರಿಗೂ ಬರಬಹುದು. ಇದರ ಕಾಲು ನೇರವಾಗಿದ್ದವು. ನೇರ ಕಾಲಿನ ಕುದುರೆಗೆ ಓಟದ ಬಿರುಸಿಗೆ ಎಲುಬು ಚೂರಾದರೆ ಅದು ಪೆಟ್ಟು, ಪೆಟ್ಟು ಮರಿಗೆ ಇಳಿಯುವುದಿಲ್ಲ. ಕುಂಟುವ ಕುದುರೆ ಅಂದ ಕೂಡಲೇ ಬೇಡ ಅನ್ನುವವರು ಈ ವ್ಯತ್ಯಾಸ ನೋಡುವುದೇ ಇಲ್ಲ.

ಆಮೇಲೆ ವಂಶಾವಳಿಯ ಕಾಗದ ಬಿಡಿಸಿದೆ. ತಂದೆಯ ಕಡೆ ಮೇಲೆ ಹೋದರೂ ನಾರ್ದರ್ನ್ ಡ್ಯಾನ್ಸರ್, ತಾಯಿಯ ಕಡೆ ಹೋದರೂ ನಾರ್ದರ್ನ್ ಡ್ಯಾನ್ಸರ್, ಕೆನಡಾದ ಹೆಸರಾಂತ ರೇಸ್ ಕುದುರೆ. ಇದು ಅಪರೂಪವೇನಲ್ಲ. ಇವತ್ತಿನ ಥರೋಬ್ರೆಡ್‌ಗಳಲ್ಲಿ ಅವನ ರಕ್ತ ಇಲ್ಲದ್ದನ್ನು ಹುಡುಕುವುದೇ ಕಷ್ಟ. ಆದರೆ ಅವನ ತಾಯಿಯ ಕಥೆ ಲಾಯದಲ್ಲಿದ್ದಾಗಲೇ ನನ್ನ ತಲೆಯಲ್ಲಿ ಕೂತಿತ್ತು.

ತಾಯಿಯ ಹೆಸರು ನಟಾಲ್ಮಾ. 1960ರಲ್ಲಿ ಅಮೆರಿಕದ ಕೆಂಟಕಿ ಓಕ್ಸ್ ರೇಸ್ ಓಡಬೇಕಿತ್ತು. ಅಷ್ಟರಲ್ಲಿ ಮಂಡಿಯ ಎಲುಬು ಚೂರಾಯಿತು. ಹೌದು, ಅದೇ ಮಂಡಿ, ಅದೇ ಚೂರು. ಗಂಡು ಕುದುರೆಗೆ ಬಿಡುವ ಕಾಲ ಮುಗಿಯುತ್ತಾ ಬಂದಿತ್ತು. ಆದರೂ ಮಾಲೀಕ ಇ. ಪಿ. ಟೇಲರ್ ಅದನ್ನು ಕೆನಡಾದ ನಿಯರ್ಕ್ಟಿಕ್ ಎಂಬ ಗಂಡಿಗೆ ಬಿಡಿಸಿದರು. 1961ರ ಮೇ 27ಕ್ಕೆ ಮರಿ ಹುಟ್ಟಿತು. ಅಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ರಂದೇ ಒಂದು ವರ್ಷ ಕೂಡುತ್ತದೆ. ಹಾಗಾಗಿ ಮೇ ಕೊನೆಯಲ್ಲಿ ಹುಟ್ಟಿದ ಮರಿ ಜೊತೆಯವಕ್ಕಿಂತ ತಿಂಗಳುಗಟ್ಟಲೆ ಚಿಕ್ಕದು. ಮೈಯಲ್ಲೂ ಗಿಡ್ಡ. ವರ್ಷದ ಮರಿಯಾಗಿದ್ದಾಗ 25,000 ಡಾಲರಿಗೆ ಮಾರಾಟಕ್ಕಿಟ್ಟರೆ ಯಾರೂ ಕೊಳ್ಳಲಿಲ್ಲ.

ಅದೇ ಮರಿ 1964ರ ಕೆಂಟಕಿ ಡರ್ಬಿಯನ್ನು ಸರಿಯಾಗಿ 2 ನಿಮಿಷದಲ್ಲಿ ಗೆದ್ದಿತು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಬರುವ ತನಕ ಆ ದಾಖಲೆ ಹಾಗೇ ಉಳಿಯಿತು. ಪ್ರೀಕ್‌ನೆಸ್ ಗೆದ್ದಿತು, ಕೆನಡಾದ ಕ್ವೀನ್ಸ್ ಪ್ಲೇಟ್ ಗೆದ್ದಿತು, ಬೆಲ್ಮಾಂಟ್‌ನಲ್ಲಿ ಮಾತ್ರ ಮೂರನೆಯದಾಯಿತು. ಒಟ್ಟು 18 ಓಟ, 14 ಗೆಲುವು. ಮೊದಲ ಮೂರು ಸ್ಥಾನದಿಂದ ಒಮ್ಮೆಯೂ ಹೊರಗೆ ಬೀಳಲಿಲ್ಲ. ಕಾಲಿನ ಸ್ನಾಯುರಜ್ಜುವಿಗೆ (ಟೆಂಡನ್) ಪೆಟ್ಟಾಗಿ ಓಟ ನಿಂತ ಮೇಲೆ ಮಕ್ಕಳಿಂದ ಇನ್ನೂ ದೊಡ್ಡ ಹೆಸರು. ಮಗ ನಿಜಿನ್‌ಸ್ಕಿ 1970ರಲ್ಲಿ ಇಂಗ್ಲೆಂಡಿನ ಮೂರು ದೊಡ್ಡ ಓಟಗಳ ತ್ರಿವಳಿ ಕಿರೀಟ ಗೆದ್ದ. ಇನ್ನೊಬ್ಬ ಮಗ ಸ್ಯಾಡ್ಲರ್ಸ್ ವೆಲ್ಸ್. ಅವನಿಂದ ಗೆಲಿಲಿಯೊ, ಗೆಲಿಲಿಯೊನಿಂದ 14ಕ್ಕೆ 14 ಗೆದ್ದ ಫ್ರ್ಯಾಂಕೆಲ್.

ಎಲ್ಲರೂ ಇಲ್ಲಿ ಗಂಡುಗಳನ್ನೇ ಎಣಿಸುತ್ತಾರೆ. ನಟಾಲ್ಮಾಳ ತಾಯಿ ಆಲ್ಮಹ್ಮೂದ್. ಆ ತಾಯಿಯ ಇನ್ನೊಬ್ಬ ಮಗಳು ಕಾಸ್ಮಾ. ಕಾಸ್ಮಾಳ ಮಗ ಹೇಲೊ, ಅವನೂ ದೊಡ್ಡ ಹೆಸರಿನ ಬೀಜದ ಕುದುರೆ. ಒಂದೇ ಅಜ್ಜಿಯಿಂದ ಎರಡು ದೊಡ್ಡ ವಂಶ! ಹಾಗಂತ ಕಾಗದವನ್ನೇ ನಂಬಿ ಕೂರಲೂ ಬಾರದು. 1983ರಲ್ಲಿ ನಾರ್ದರ್ನ್ ಡ್ಯಾನ್ಸರನ ಒಂದು ಮರಿ 1 ಕೋಟಿ 2 ಲಕ್ಷ ಡಾಲರಿಗೆ ಹೋಯಿತು. ಹೆಸರು ಸ್ನಾಫಿ ಡ್ಯಾನ್ಸರ್. ಒಂದು ಓಟವನ್ನೂ ಓಡಲಿಲ್ಲ. ಬೀಜಕ್ಕಾದರೂ ಆಗುತ್ತದಾ ಅಂದರೆ ಅದೂ ಇಲ್ಲ, ಹುಟ್ಟಿಸಿದ್ದು ಬೆರಳೆಣಿಕೆಯ ಮರಿ.

ನನ್ನ ಮರಿ ರೇಸಿಗೆ ಹೋಗುವುದಿಲ್ಲ, ಅದು ಮೊದಲೇ ಗೊತ್ತು. ರೇಸ್ ಮರಿಯ ತಂದೆ ತಾಯಿ ಇಬ್ಬರೂ ಸ್ಟಡ್ ಬುಕ್ಕಿನಲ್ಲಿ, ಅಂದರೆ ಥರೋಬ್ರೆಡ್‌ಗಳ ವಂಶ ಬರೆದಿಡುವ ಪುಸ್ತಕದಲ್ಲಿ ಇರಬೇಕು. ಎಮ್ಮೆ ಆಕಳಿಗೆ ಕೊಡಿಸುವ ಹಾಗೆ ಇಂಜೆಕ್ಷನ್ ಮಾಡಿಸಿ ಬೀಜ ಹಾಕಿಸಿದರೆ ಥರೋಬ್ರೆಡ್ ಅಂತ ಒಪ್ಪುವುದಿಲ್ಲ, ಗಂಡಿಗೇ ಬಿಡಬೇಕು. ನನಗೆ ಬೇಕಿದ್ದದ್ದು ನಮ್ಮ ಬಿಸಿಲು ತಡೆಯುವ ಸವಾರಿ ಕುದುರೆ. ಉದಗೀರ ಕಡೆಯ ಪರಿಚಯದವರೊಬ್ಬರ ಹತ್ತಿರ ಒಳ್ಳೆಯ ಕಾಠಿಯಾವಾಡಿ (ಗುಜರಾತಿನ ತಳಿ) ಗಂಡಿತ್ತು. ಗೊರಸು ಗಟ್ಟಿ, ಸ್ವಭಾವ ತಣ್ಣಗೆ. ಅದನ್ನೇ ಆರಿಸಿದೆ.

ಹೆಣ್ಣು ಕುದುರೆ ಹಗಲು ಉದ್ದವಾಗುವ ಕಾಲದಲ್ಲಿ ಸರಿಯಾಗಿ ಬೆದೆಗೆ ಬರುತ್ತದೆ, ಸುಮಾರು 21 ದಿನಕ್ಕೊಮ್ಮೆ. ಬೆದೆ ಐದಾರು ದಿನ ಇರುತ್ತದೆ, ಆದರೆ ಮೊಟ್ಟೆ ಬಿಡುಗಡೆಯಾಗುವುದು ಕೊನೆಯ ಒಂದೆರಡು ದಿನದಲ್ಲಿ. ಅದಕ್ಕೇ ಮೊದಲ ದಿನವೇ ಓಡಿಸಿಕೊಂಡು ಹೋಗಬಾರದು. ಯುಗಾದಿ ಕಳೆದ ಮೇಲೆ ಬಿಡಿಸಿದೆ. ಎರಡು ವಾರ ದಾಟಿದ ಮೇಲೆ ಸ್ಕ್ಯಾನ್ ಮಾಡಿಸಿದೆ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವುದರಿಂದ ಕುದುರೆ ತಿಳಿದ ಡಾಕ್ಟರ್ ಸಿಗುವುದು ನಮಗೆ ಸುಲಭ. ಈ ಸ್ಕ್ಯಾನ್ ಬರೀ ಗಬ್ಬ ನಿಂತಿದೆಯಾ ಅಂತ ನೋಡಲು ಅಲ್ಲ. ಅವಳಿ ಇದ್ದರೆ ಆಗಲೇ ಒಂದನ್ನು ತೆಗೆಸಬೇಕು. ಕುದುರೆಗೆ ಅವಳಿ ಆದರೆ ಬಹಳ ಸಲ ಎರಡೂ ಕಂದು ಹಾಕುತ್ತದೆ.

ಮೇವಿನ ವಿಷಯದಲ್ಲಿ ಮನೆಯಲ್ಲೇ ಜಗಳ. ಎತ್ತಿಗೆ ಹಾಕುವುದನ್ನು ಇದಕ್ಕೂ ಹಾಕಿದರೆ ಏನಾಗುತ್ತದೆ ಅಂತ ಅಣ್ಣನ ವಾದ. ಎಳೆಯ ಹಸಿ ಜೋಳ ಎತ್ತಿಗೂ ವಿಷ, ಅದು ಅವನಿಗೂ ಗೊತ್ತು. ಕುದುರೆಗೆ ಇನ್ನೂ ಒಂದು ಅಪಾಯ: ಹಸಿ ಜೋಳ ಮೇಯ್ದರೆ ಮೂತ್ರಕೋಶ ಕೆಟ್ಟು ಹಿಂಗಾಲು ಸೋಲಬಹುದು, ಗಬ್ಬದ ಕುದುರೆಯ ಮರಿಗೂ ಕೇಡು. ನಾನು ಒಂದು ತುಂಡು ನೆಲದಲ್ಲಿ ಕುದುರೆ ಮೆಂತೆ ಹಾಕಿದೆ. ಒಣ ಹುಲ್ಲು, ನೆನೆಸಿದ ಕಡಲೆ ಸ್ವಲ್ಪ, ಓಟ್ಸ್. ಗೋಧಿ ಬೂಸಾ ಮಾತ್ರ ಬಲು ಕಡಿಮೆ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದ ಅಂಶ ಕಡಿಮೆ. ದಿನಾ ಬುಟ್ಟಿಗಟ್ಟಲೆ ಹಾಕಿದರೆ ಮೈ ಎಲುಬಿನ ಸುಣ್ಣ ಕರಗಿ ಮುಖದ ಎಲುಬು ಊದಿಕೊಳ್ಳುತ್ತದೆ. ಕುದುರೆ ದುಂಡಗೆ ಕಾಣುತ್ತದೆ ಅಂತ ಬೂಸಾ ತುಂಬುವವರು ಈಗಲೂ ಇದ್ದಾರೆ.

ಹನ್ನೊಂದು ತಿಂಗಳು ಅನ್ನುವುದು ಬರೀ ಅಂದಾಜು. ನಿಜವಾದ ಸುಳಿವು ಕೆಚ್ಚಲಿನಲ್ಲಿದೆ. ಮೊಲೆ ತುದಿಯಲ್ಲಿ ಮೇಣದ ಹನಿ ಕಂಡ ಮೇಲೆ ನಾನು ಲಾಯದಲ್ಲೇ ಮಲಗಿದೆ. ಕುದುರೆ ಬಹುತೇಕ ರಾತ್ರಿಯೇ ಈಯುತ್ತದೆ. ನೀರು ಒಡೆದ ಮೇಲೆ ಅರ್ಧ ಗಂಟೆಯಲ್ಲಿ ಮರಿ ಹೊರಗೆ ಬರಬೇಕು, ತಡವಾದರೆ ಡಾಕ್ಟರಿಗೆ ಫೋನ್. ಶಿವರಾತ್ರಿ ಹೊತ್ತಿಗೆ ಹೆಣ್ಣು ಮರಿ ಬಂತು. ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಹಾಲು ಕುಡಿಯಬೇಕು, ಮೂರು ಗಂಟೆಯಲ್ಲಿ ತಾಯಿಯ ಮಾಸು ಬೀಳಬೇಕು. ಲಾಯದಲ್ಲಿ ಕಲಿತ ಈ ಲೆಕ್ಕ ಇಟ್ಟುಕೊಂಡೇ ಕಾದೆ. ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆ. ಬಿದ್ದ ಮಾಸನ್ನು ನೆಲಕ್ಕೆ ಹರಡಿ, ತುಂಡೇನಾದರೂ ಒಳಗೆ ಉಳಿದಿದೆಯಾ ಅಂತ ನೋಡಿದೆ. ಗಿಣ್ಣು ಹಾಲು ಮೊದಲ ಕೆಲವು ಗಂಟೆಯಲ್ಲೇ ಹೋಗಬೇಕು. ಮರಿ ಹುಟ್ಟುವಾಗ ರೋಗ ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ, ಎಲ್ಲ ಆ ಹಾಲಿನಿಂದಲೇ.

ಈಗ ಮರಿ ವರ್ಷ ದಾಟಿದೆ. ಕಿವಿ ತಂದೆಯಂತೆ ಒಳಕ್ಕೆ ಬಾಗಿವೆ, ನಡಿಗೆ ಪೂರ್ತಿ ತಾಯಿಯದು. ರೇಸಿನಲ್ಲಿ ಎರಡು ವರ್ಷಕ್ಕೇ ಓಡಿಸುತ್ತಾರೆ. ನನಗೆ ಅವಸರವಿಲ್ಲ. ಮಂಡಿ ಮೇಲಿನ ಎಲುಬು ಬಲಿಯಲು ಎರಡೂವರೆ ವರ್ಷದವರೆಗೂ ಬೇಕು, ಅಲ್ಲಿಯವರೆಗೆ ಬೆನ್ನ ಮೇಲೆ ಯಾರನ್ನೂ ಕೂರಿಸುವುದಿಲ್ಲ. ಮರಿಯ ಬೆನ್ನು ಮಾತ್ರ ನನಗೆ ಸ್ವಲ್ಪ ಉದ್ದ ಅನ್ನಿಸುತ್ತಿದೆ. ಅದಕ್ಕೇ ತಾಯಿಯನ್ನು ಈ ಸಲ ಅದೇ ಗಂಡಿಗೆ ಬಿಡುತ್ತಿಲ್ಲ. ಮಾಳೆಗಾಂವ್ ಜಾತ್ರೆಯಲ್ಲಿ ಗಿಡ್ಡ ಬೆನ್ನಿನ ಗಂಡೊಂದನ್ನು ನೋಡಿಟ್ಟಿದ್ದೇನೆ. ಅದರ ತಾಯಿ ಎಲ್ಲಿದೆ ಅಂತ ವಿಚಾರಿಸುತ್ತಿದ್ದೇನೆ.