ಸೆಲ್ಫ್ ತಗೊಳ್ಳದ ಕಾರು: ಹೊಸ ಬ್ಯಾಟರಿಗೆ ಮುಂಚೆ ನಾನು ನೋಡುವುದು

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿಯಿತೆಂದರೆ ಸಣ್ಣ ಕಾರಿಟ್ಟವರದ್ದೆಲ್ಲ ಒಂದೇ ದೂರು: ಬೆಳಿಗ್ಗೆ ಸೆಲ್ಫ್ ತಗೊಳ್ಳಲ್ಲ. ಅಂಗಡಿಗೆ ಒಯ್ದರೆ ‘ಬ್ಯಾಟ್ರಿ ಹೋಗಿದೆ, ಹೊಸದು ಹಾಕ್ಸಿ’ ಅನ್ನುತ್ತಾರೆ. ಎಷ್ಟೋ ಸಲ ಬ್ಯಾಟರಿ ಹೋಗಿರುವುದೇ ಇಲ್ಲ. ಸಾವಿರಾರು ರೂಪಾಯಿ ಕೊಡುವ ಮೊದಲು ಒಂದು ಮಲ್ಟಿಮೀಟರ್ (ವೋಲ್ಟ್ ಅಳೆಯುವ ಮೀಟರ್), 10 ನಂಬರ್ ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೊದಲು ಕಿವಿಗೊಡಬೇಕು. ಟಕಟಕ ಸದ್ದಾಗಿ ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಕರೆಂಟ್ ಸಾಲುತ್ತಿಲ್ಲ. ದೀಪ ಪ್ರಖರವಾಗಿಯೇ ಇದ್ದು ಒಂದೇ ಒಂದು ‘ಟಕ್’ ಕೇಳಿದರೆ ಸ್ಟಾರ್ಟರ್ ಮೋಟಾರಿನ ಕಡೆ ಅನುಮಾನ. ಎಂಜಿನ್ ಜೋರಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಇಲ್ಲವೇ ಸ್ಪಾರ್ಕ್ ಪ್ಲಗ್ ಕಡೆ ನೋಡಬೇಕು, ಬ್ಯಾಟರಿಯ ತಪ್ಪಲ್ಲ.

ನಮ್ಮ ಕಾರು ಊಂ... ಊಂ... ಎಂದು ಏದುಸಿರು ಬಿಡುತ್ತಿತ್ತು. ಬೆಳಿಗ್ಗೆ ಕೀ ಹಾಕುವ ಮೊದಲೇ ಮೀಟರ್ ಹಿಡಿದರೆ 12.5 ವೋಲ್ಟ್. ತುಂಬಿದ ಬ್ಯಾಟರಿ 12.6ರ ಆಸುಪಾಸು ಇರುತ್ತದೆ, 12.2 ಅಂದರೆ ಅರ್ಧ ಖಾಲಿ. ಹಾಗಾದರೆ ಇದರಲ್ಲಿ ಚಾರ್ಜ್ ಇದೆ. ಸೆಲ್ಫ್ ಹೊಡೆಯುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಮತ್ತೆ ಶಕ್ತಿ ಎಲ್ಲಿ ಸೋರುತ್ತಿದೆ?

ಇಲ್ಲಿ ಮಾಡಬೇಕಾದ ಪರೀಕ್ಷೆ ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಿರಲೇಬೇಕು. ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದೆ. ಮಗಳಿಗೆ ‘ಗೇರ್ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಒತ್ಕೊಂಡು ಸೆಲ್ಫ್ ಹೊಡಿ ಪುಟ್ಟಿ’ ಅಂದೆ. ಆ ಎರಡು ಜಾಗದ ನಡುವೆ ಅರ್ಧ ವೋಲ್ಟೂ ಕಾಣಿಸಬಾರದು. ಮೀಟರ್ ಒಂದನ್ನು ದಾಟಿತು. ಅಂದರೆ ಅರ್ತ್ ಹಾದಿಯಲ್ಲೇ, ಕರೆಂಟ್ ಎಂಜಿನ್ನಿನಿಂದ ಬ್ಯಾಟರಿಯ ಮೈನಸ್‌ಗೆ ವಾಪಸ್ ಬರುವ ದಾರಿಯಲ್ಲೇ, ತಡೆ.

ಬ್ಯಾಟರಿಯಿಂದ ಗೇರ್‌ಬಾಕ್ಸಿಗೆ ಇಳಿಯುವ ದಪ್ಪ ವೈರನ್ನು ಹಿಂಬಾಲಿಸಿದರೆ, ಬೋಲ್ಟಿನ ಸುತ್ತ ತುಕ್ಕು, ಕೆಸರು. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೂ ಆಗ ಕಿಡಿ ಹಾರುವುದಿಲ್ಲ. ವೈರಿನ ತುದಿಯನ್ನೂ ಅದು ಕೂರುವ ಜಾಗವನ್ನೂ ಲೋಹ ಹೊಳೆಯುವ ತನಕ ಉಪ್ಪುಕಾಗದದಲ್ಲಿ ಉಜ್ಜಿದೆ. ಟರ್ಮಿನಲ್ ಮೇಲಿನ ಹಸಿರು-ಬಿಳಿ ಪುಡಿಗೆ ಬಿಸಿನೀರಿನಲ್ಲಿ ಕಲಸಿದ ಅಡುಗೆ ಸೋಡಾ, ಹಳೆ ಹಲ್ಲುಜ್ಜುವ ಬ್ರಷ್ ಸಾಕು. ಆ ನೀರು ಬ್ಯಾಟರಿಯೊಳಗೆ ಮಾತ್ರ ಇಳಿಯಬಾರದು. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿದೆ. ಬಿಗಿ ಮಾಡುವ ಮೊದಲಲ್ಲ, ನಂತರ. ಕೀ ತಿರುಗಿಸಿದ ಕೂಡಲೇ ಎಂಜಿನ್ ಹತ್ತಿಕೊಂಡಿತು.

ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಬ್ಯಾಟರಿಗೆ ಚಾರ್ಜ್ ತುಂಬುವ ಡೈನಮೋ ಸರಿ ಇದೆ. 13ಕ್ಕಿಂತ ಕಡಿಮೆಯಾದರೆ ಅದನ್ನು ತಿರುಗಿಸುವ ಬೆಲ್ಟ್ ಸಡಿಲವಾಗಿದೆಯೇ ನೋಡಿ.

ಮಳೆಗಾಲದಲ್ಲಿ ಇನ್ನೊಂದು ಕಾರಣವೂ ಇದೆ. ಹೆಡ್‌ಲೈಟ್, ವೈಪರ್, ಬ್ಲೋವರ್ ಮೂರೂ ಹಾಕಿಕೊಂಡು ಮನೆಯಿಂದ ಡೇರಿ, ಡೇರಿಯಿಂದ ಮನೆ ಅಂತ ಮೂರು ನಾಲ್ಕು ಕಿಲೋಮೀಟರ್ ಓಡಾಡಿದರೆ, ಸೆಲ್ಫ್ ತಿಂದದ್ದು ಬ್ಯಾಟರಿಗೆ ವಾಪಸ್ ತುಂಬುವುದೇ ಇಲ್ಲ. ವಾರಕ್ಕೊಮ್ಮೆ ಆಗುಂಬೆ ತನಕವೋ ಶಿವಮೊಗ್ಗ ತನಕವೋ ಒಂದೇ ಉಸಿರಿನಲ್ಲಿ ಓಡಿಸಬೇಕು, ಅಥವಾ ಮನೆಯಲ್ಲೇ ಚಾರ್ಜರ್ ಹಾಕಬೇಕು. ಚಾರ್ಜ್ ತುಂಬಿಸಿ, ವೈರೆಲ್ಲ ಶುಚಿ ಮಾಡಿದ ಮೇಲೂ ಸೆಲ್ಫ್ ಹೊಡೆಯುವಾಗ 9ಕ್ಕೆ ಕುಸಿದರೆ ಬ್ಯಾಟರಿ ಬದಲಿಸಿ, ಆಗ ಎಳೆದಾಡಬೇಡಿ.

ಅಡಕೆ ತೋಟದ ಮನೆಗಳಲ್ಲಿ ಇಲಿ ವೈರ್ ಕಡಿಯುವುದು ಬೇರೆ. ಕಡಿದ ಜಾಗಕ್ಕೆ ಬರೀ ಟೇಪ್ ಸುತ್ತಬೇಡಿ, ಬೋನೆಟ್ ಒಳಗಿನ ಕಾವಿಗೆ ಅಂಟು ಬಿಟ್ಟು ನೀರು ಸೇರುತ್ತದೆ. ಸೋಲ್ಡರ್ ಮಾಡಿ, ಬಿಸಿಗೆ ಬಿಗಿಯಾಗುವ ಸ್ಲೀವ್ ಹಾಕಿಸಿ.