ಗೊರೂರು ಹಿನ್ನೀರಿಗೆ ಹದಿನೈದೂವರೆ ಅಡಿಯ ಕ್ಯಾಬಿನ್ ದೋಣಿ

ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನ ಹಿಂದೆ ನಿಲ್ಲುವ ಹೇಮಾವತಿ ಹಿನ್ನೀರಿನಲ್ಲಿ ದೋಣಿ ಇಟ್ಟುಕೊಳ್ಳುವವರಿಗೆ ಮೊದಲ ತೊಂದರೆ ನೀರಿನದ್ದಲ್ಲ, ದಡದ್ದು. ಜಲಾಶಯದ ಪೂರ್ಣಮಟ್ಟ 2922 ಅಡಿ. ಮಳೆಗಾಲ ಮುಗಿಯುವಾಗ ನೀರು ಹುಲ್ಲಿನ ಅಂಚಿಗೆ ತಾಗಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅದೇ ಜಾಗದಿಂದ ನೀರಿಗೆ ಹೋಗಲು ಬಿರಿದ ಕೆಸರಿನ ಮೇಲೆ ಬಹಳ ದೂರ ನಡೆಯಬೇಕು. ಕಾಂಕ್ರೀಟ್ ಇಳಿಜಾರು, ಕ್ರೇನು ಯಾವುದನ್ನೂ ನಂಬಿಕೊಳ್ಳುವಂತಿಲ್ಲ. ಹಾಗಾಗಿ ನಾನು ದೋಣಿಯ ಅಳತೆ ಬರೆಯುವ ಮೊದಲೇ ತೂಕ ಬರೆದುಕೊಂಡೆ: ಬರಿ ದೋಣಿ 190 ಕೆಜಿ ಮೀರಬಾರದು. ಮೂರು ಜನ, ನಾಲ್ಕು ಪಿವಿಸಿ ಪೈಪಿನ ಉರುಳೆ ಇದ್ದರೆ ಅಷ್ಟನ್ನು ಕೆಸರಿನಲ್ಲೂ ತಳ್ಳಬಹುದು.

ಉದ್ದ ಹದಿನೈದೂವರೆ ಅಡಿ, ಅಗಲ ಐದೂವರೆ, ತಳ ಚಪ್ಪಟೆ. ನೀರಿಗೆ ತಾಗುವ ತಳದ ವಿಸ್ತಾರ ಸುಮಾರು 3.6 ಚದರ ಮೀಟರ್. ಅಂದರೆ 36 ಕೆಜಿ ಏರಿಸಿದಂತೆಲ್ಲ ದೋಣಿ ಒಂದು ಸೆಂಟಿಮೀಟರ್ ಇಳಿಯುತ್ತದೆ. ಎಂಜಿನ್, ಇಬ್ಬರು, ಎರಡು ದಿನದ ಸಾಮಾನು ಎಲ್ಲ ಸೇರಿ ಐದರಿಂದ ಆರು ಇಂಚು ಮುಳುಗುತ್ತದೆ. ನೀರಿನಡಿಯ ಮರದ ಬೊಡ್ಡೆಗಳ ನಡುವೆ ಇದಕ್ಕಿಂತ ಆಳ ಬೇಡುವ ದೋಣಿ ತಲೆನೋವು.

ಪ್ಲೈವುಡ್ ಕೊಳ್ಳುವಾಗ ಐಎಸ್ 710 ಮುದ್ರೆ, ಅಂದರೆ ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕದ ಗುರುತು, ನೋಡಿ. ಐಎಸ್ 303 ಮುದ್ರೆಯದು ಮನೆ ಪೀಠೋಪಕರಣಕ್ಕೆ ಸರಿ, ದೋಣಿಗಲ್ಲ. ಮುದ್ರೆಯನ್ನೂ ಪೂರ್ತಿ ನಂಬದೆ ಒಂದು ತುಂಡನ್ನು ನಾಲ್ಕೈದು ಗಂಟೆ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಪದರ ಬಿಟ್ಟರೆ ಹಾಳೆ ವಾಪಸ್. ಪಕ್ಕಗಳಿಗೆ ಮತ್ತು ಚಾವಣಿಗೆ 6 ಮಿಲಿಮೀಟರ್, ತಳಕ್ಕೆ 9. ಎಂಟು-ನಾಲ್ಕರ 6 ಮಿಮೀ ಹಾಳೆ ಹನ್ನೆರಡು ಕೆಜಿ ಚಿಲ್ಲರೆ, 9 ಮಿಮೀ ಹತ್ತೊಂಬತ್ತರ ಹತ್ತಿರ. ತಳಕ್ಕೆ 12 ಹಾಕಿ ಎನ್ನುವ ಬಡಗಿಗಳಿದ್ದಾರೆ. ಬೇಡ, ಆ ತೂಕವನ್ನು ದಡದಲ್ಲಿ ನೀವೇ ಎಳೆಯಬೇಕು.

ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಒಳಮೂಲೆಗೆ ಮರದ ನುಣ್ಣನೆ ಹುಡಿ ಕಲಸಿದ ಎಪಾಕ್ಸಿ (ರಾಳಕ್ಕೆ ಹಾರ್ಡನರ್ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ಮೇಲೆ ಗ್ಲಾಸ್ ಟೇಪು, ಅಂದರೆ ಗಾಜಿನ ನಾರಿನ ಪಟ್ಟಿ. ಹದ ಗಟ್ಟಿ ಚಟ್ನಿಯಂತಿರಬೇಕು: ಚಮಚ ತಿರುಗಿಸಿದರೆ ಬೀಳಬಾರದು. ನಮ್ಮ ಕಡೆ ಕೆಲಸ ಕೆಡುವುದು ಹವೆಯಿಂದ. ಜುಲೈ-ಆಗಸ್ಟಿನ ತೇವದಲ್ಲಿ ಎಪಾಕ್ಸಿ ಮೇಲೆ ಮೇಣದಂಥ ಜಿಗುಟು ಪೊರೆ ಬರುತ್ತದೆ. ಅದರ ಮೇಲೇ ಮುಂದಿನ ಪದರ ಹಚ್ಚಿದರೆ ಸಿಪ್ಪೆಯ ಹಾಗೆ ಏಳುತ್ತದೆ. ಬರಿ ನೀರು, ಪಾತ್ರೆ ಉಜ್ಜುವ ಹಸಿರು ನಾರು ಹಿಡಿದು ತೊಳೆದು, ಒಣಗಿಸಿ, ಆಮೇಲೆ ಉಪ್ಪುಕಾಗದ. ಮೊದಲೇ ಉಪ್ಪುಕಾಗದ ಆಡಿಸಿದರೆ ಪೊರೆ ಇನ್ನಷ್ಟು ಒಳಗೆ ಹತ್ತುತ್ತದೆ. ಜನವರಿಯ ಚಳಿಯಲ್ಲಿ ಸಂಜೆ ಹಚ್ಚಿದ್ದು ಬೆಳಗ್ಗೆಯೂ ಹಸಿಯಾಗಿರುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿಯಬಾರದು, ಅನುಪಾತ ತಪ್ಪಿದರೆ ಅದು ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ.

ಕ್ಯಾಬಿನ್ನಿನಲ್ಲಿ ಕೂತರೆ ತಲೆ ತಾಗದಿದ್ದರೆ ಸಾಕು: ಹಾಸಿನಿಂದ ಚಾವಣಿಗೆ 36 ಇಂಚು. ನಿಲ್ಲುವಷ್ಟು ಎತ್ತರ ಮಾಡಿದರೆ ಗಾಳಿಗೆ ಅದೇ ಹಾಯಿಯಾಗುತ್ತದೆ. ಮಲಗಲು ಆರು ಅಡಿ ಮೂರಿಂಚು ಉದ್ದ, ಎರಡಡಿ ಅಗಲದ ಎರಡು ಹಾಸು. ಅವುಗಳಡಿ ಬಾಯಿ ಬಿಗಿದ 20 ಲೀಟರಿನ ಖಾಲಿ ಕ್ಯಾನುಗಳು ಆರು, ಪಟ್ಟಿಯಿಂದ ಕಟ್ಟಿ. ದೋಣಿಗೆ ನೀರು ನುಗ್ಗಿದರೂ ನೂರಿಪ್ಪತ್ತು ಕೆಜಿಯ ಹತ್ತಿರ ಎತ್ತಿ ಹಿಡಿಯುತ್ತವೆ. ಥರ್ಮಕೋಲ್ ತುಂಬಲಿಲ್ಲ, ಪೆಟ್ರೋಲ್ ತಾಗಿದರೆ ಅದು ಕರಗುತ್ತದೆ. ಮುಂದೆ, ಹಿಂದೆ ಒಂದೊಂದು ಗಾಳಿಕಿಂಡಿ ಇರಲೇಬೇಕು, ಇಲ್ಲದಿದ್ದರೆ ಡಿಸೆಂಬರಿನಲ್ಲಿ ಉಸಿರಿನ ತೇವ ಚಾವಣಿಗೆ ಕಟ್ಟಿ ಬೆಳಗಿನ ಜಾವ ಕಂಬಳಿ ಮೇಲೆ ತೊಟ್ಟಿಕ್ಕುತ್ತದೆ.

ಗ್ಯಾಸ್ ಒಲೆಯನ್ನು ಕ್ಯಾಬಿನ್ನಿನೊಳಗೆ ಹಚ್ಚುವ ಮಾತೇ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ದು ತಳದಲ್ಲಿ ಕೆರೆಯಂತೆ ನಿಲ್ಲುತ್ತದೆ, ಕಿಟಕಿಯಿಂದ ಹೊರಗೆ ಹೋಗುವುದಿಲ್ಲ. ಪೆಟ್ರೋಲ್ ಆವಿಯೂ ಹಾಗೆಯೇ. ಅಡುಗೆ ದಡದಲ್ಲಿ ಅಥವಾ ಹಿಂಬದಿಯ ತೆರೆದ ಜಾಗದಲ್ಲಿ. ಮುಚ್ಚಳವಿರುವ ಬಕೆಟ್ಟೇ ಶೌಚಾಲಯ, ಮೇಲೆ ಕಾಫಿ ಹೊಟ್ಟು. ಅದನ್ನು ಮನೆಗೇ ತರಬೇಕು: ಹಾಸನದವರೂ ತುಮಕೂರಿನವರೂ ಕುಡಿಯುವ ನೀರು ಇದು.

ಎಂಜಿನ್ 5 ಅಶ್ವಶಕ್ತಿಯ ನಾಲ್ಕು ಸ್ಟ್ರೋಕಿನದು, 27 ಕೆಜಿ. ಸಮುದ್ರಮಟ್ಟದಿಂದ 890 ಮೀಟರ್ ಮೇಲಿರುವುದರಿಂದ ಗಾಳಿ ತೆಳು, ಶಕ್ತಿಯಲ್ಲಿ ಹತ್ತಿರಹತ್ತಿರ ಹತ್ತರಲ್ಲೊಂದು ಪಾಲು ಕಡಿಮೆ. ಇಷ್ಟುದ್ದದ ದೋಣಿ ಗಂಟೆಗೆ ಒಂಬತ್ತು ಕಿಲೋಮೀಟರ್ ದಾಟಿದರೆ ತನ್ನದೇ ಅಲೆಯನ್ನು ಹತ್ತಲು ಒದ್ದಾಡುತ್ತದೆ. ಏಳಕ್ಕೆ ಬಿಟ್ಟರೆ ಲೀಟರ್ ಒಂದರಲ್ಲಿ ಒಂದು ಗಂಟೆಯಂತೆ ಲೆಕ್ಕ ಹಾಕಬಹುದು. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ. ಪ್ರಯಾಣ ಮುಗಿದಾಗ ಕಾರ್ಬುರೇಟರ್ ಬರಿದು ಮಾಡದಿದ್ದರೆ ತಿಂಗಳ ನಂತರ ಹಗ್ಗ ಎಳೆದೂ ಎಳೆದೂ ಭುಜ ಹೋಗುತ್ತದೆ. ಪ್ರೊಪೆಲರಿನ ಶಿಯರ್ ಪಿನ್ ಬೊಡ್ಡೆಗೆ ತಗುಲಿ ತುಂಡಾಗಲೆಂದೇ ಇರುವುದು, ಗೇರನ್ನು ಉಳಿಸುತ್ತದೆ. ನಾಲ್ಕು ಪಿನ್ ಇಟ್ಟಿರಿ, ಮೊಳೆ ತುರುಕಬೇಡಿ. ಬಲೆ ಸುತ್ತಿಕೊಂಡರೆ ಎಂಜಿನ್ ಎತ್ತಿ ಬಿಡಿಸಿ; ಕತ್ತರಿಸಿದರೆ ಒಬ್ಬ ಮೀನುಗಾರನ ತಿಂಗಳ ದುಡಿಮೆ ಹೋಯಿತು. ಎರಡು ಹುಟ್ಟು, ಲೈಫ್ ಜಾಕೆಟ್ ಹೇಳಬೇಕಾಗಿಯೇ ಇಲ್ಲ.

ರಾತ್ರಿ ನಿಲ್ಲುವುದೇ ಎಲ್ಲಕ್ಕಿಂತ ಸೂಕ್ಷ್ಮ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಮಟ್ಟ ಐದು ಸೆಂಟಿಮೀಟರ್ ಇಳಿದರೂ, ಮೂವತ್ತಕ್ಕೆ ಒಂದರ ಇಳಿಜಾರಿನಲ್ಲಿ ನೀರಂಚು ಒಂದೂವರೆ ಮೀಟರ್ ಹಿಂದೆ ಸರಿಯುತ್ತದೆ. ಮೂತಿಯನ್ನು ದಡಕ್ಕೆ ಏರಿಸಿ ಮಲಗಿದವರು ಬೆಳಗ್ಗೆ ಕೆಸರಿನ ಮೇಲಿರುತ್ತಾರೆ. ಸಂಜೆ ನೀರಂಚಿಗೆ ಒಂದು ಕಡ್ಡಿ ನೆಟ್ಟು, ಮಲಗುವ ಮುಂಚೆ ನೋಡಿ. ದೋಣಿಯನ್ನು ಮೂರಡಿ ನೀರಿನಲ್ಲಿ ತೇಲಿಸಿ ಲಂಗರು ಹಾಕುತ್ತೇನೆ. ಹಗ್ಗ ಆಳದ ಏಳು ಪಟ್ಟು. ಲಂಗರಿನ ತಲೆಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ತೇಲುಬಾಟಲಿ ಬಿಟ್ಟಿರಬೇಕು. ಬೊಡ್ಡೆಯ ಬೇರಿಗೆ ಸಿಕ್ಕಿಕೊಂಡಾಗ ಅದನ್ನು ಹಿಂದಿನಿಂದ ಎಳೆದರೆ ಬರುತ್ತದೆ. ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗೆ ಹಗ್ಗ ಕಟ್ಟುವ ಆಸೆ ಬೇಡ, ಅದು ಶಿಥಿಲ. ಆಲೂರು, ಸಕಲೇಶಪುರದ ಕಡೆಯ ದಡಗಳಲ್ಲಿ ಆನೆ ನೀರಿಗೆ ಬರುತ್ತವೆ, ಡೇರೆ ಹಾಕದೆ ದೋಣಿಯಲ್ಲೇ ಮಲಗಿ.

ಹೋಗುವುದು ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಏಪ್ರಿಲ್-ಮೇ ಮಧ್ಯಾಹ್ನದ ಗುಡುಗುಮಳೆಗೆ ಈ ತಳ ತಡೆಯುವುದಿಲ್ಲ. ಯಂತ್ರದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ, ಜಲಾಶಯ ನೋಡಿಕೊಳ್ಳುವ ನಿಗಮದ ಲಿಖಿತ ಅನುಮತಿಯನ್ನೂ ಮೊದಲೇ ಪಡೆಯಿರಿ. ಲಕ್ಕವಳ್ಳಿಯ ಭದ್ರಾ ಹಿನ್ನೀರು ಹುಲಿ ಮೀಸಲಿಗೆ ಅಂಟಿಕೊಂಡಿರುವುದರಿಂದ ಅಲ್ಲಿ ರಾತ್ರಿ ತಂಗುವ ಯೋಚನೆಯನ್ನೇ ಬಿಟ್ಟಿದ್ದೇನೆ.

ಟ್ರೈಲರ್ ಹಾಸನದಿಂದ ಬಂದ ತಕ್ಷಣ ನೀರಿಗೆ ಇಳಿಸಬೇಡಿ. ಓಡಿ ಕಾದ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ ಬೇರಿಂಗಿಗೆ ನೀರು ಎಳೆದುಕೊಳ್ಳುತ್ತದೆ, ಗ್ರೀಸ್ ಹಾಲಿನಂತಾಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ದೀಪದ ತಂತಿ ಕಳಚಿ, ಆಮೇಲೆ ಇಳಿಸಿ.